ಹರಳಿನೊಳಗಿನ ತೆರಪು

ಶುದ್ಧ ಜಿರ್ಕೋನಿಯಾದ ಬಿಳಿ ಪುಡಿಯನ್ನು ಅಚ್ಚಿನಲ್ಲಿ ಒತ್ತಿ ದುಂಡನೆಯ ಬಿಲ್ಲೆ ಮಾಡಿ 1500 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಇಟ್ಟರೆ ಅದು ಚೆನ್ನಾಗಿಯೇ ಬೇಯುತ್ತದೆ. ತೊಂದರೆ ಶುರುವಾಗುವುದು ಕುಲುಮೆ ಆರುವಾಗ. ಬಿಸಿ ಸಾವಿರ ಡಿಗ್ರಿಯ ಆಸುಪಾಸಿಗೆ ಇಳಿಯುತ್ತಿದ್ದಂತೆ ಬಿಲ್ಲೆಯ ಒಳಗಿನ ಪರಮಾಣುಗಳ ಸಾಲುಗಳು ಒಮ್ಮೆಲೇ ವಾಲುತ್ತವೆ, ಬಿಲ್ಲೆ ಹಿಗ್ಗುತ್ತದೆ. ಮರುದಿನ ಕುಲುಮೆಯ ಬಾಗಿಲು ತೆರೆದವರ ಕೈಗೆ ಸಿಗುವುದು ಬಿರುಕು ಬಿಟ್ಟ ತುಂಡುಗಳು ಮಾತ್ರ. ಎಷ್ಟು ನಿಧಾನವಾಗಿ ಆರಿಸಿದರೂ ಫಲಿತಾಂಶ ಬದಲಾಗುವುದಿಲ್ಲ.

ಅದೇ ಪುಡಿಗೆ ನೂರು ಅಣುಗಳಲ್ಲಿ ಎಂಟರಷ್ಟು ಇಟ್ರಿಯಾ, ಅಂದರೆ ಇಟ್ರಿಯಂ ಆಕ್ಸೈಡ್, ಬೆರೆಸಿ ಬೇಯಿಸಿ ನೋಡಬೇಕು. ಬಿಲ್ಲೆ ಇಡಿಯಾಗಿ ಹೊರಬರುತ್ತದೆ. ಸಾವಿರ ಡಿಗ್ರಿಗೂ ಮೇಲಕ್ಕೆ ಏರಿಸಿ ಇಳಿಸಿದರೂ ರೂಪ ಬದಲಿಸುವುದಿಲ್ಲ. ಜೊತೆಗೆ ಇನ್ನೊಂದು ಗುಣವೂ ಅದಕ್ಕೆ ಬಂದಿರುತ್ತದೆ. ಅದರ ಎರಡೂ ಮುಖಗಳಿಗೆ ಪ್ಲಾಟಿನಂ ಲೇಪಿಸಿ, 800 ಡಿಗ್ರಿಗೆ ಕಾಯಿಸಿ, ವಿದ್ಯುತ್ ಸಂಪರ್ಕ ಕೊಟ್ಟರೆ ಒಂದು ಬದಿಯ ಆಮ್ಲಜನಕ ಬಿಲ್ಲೆಯನ್ನು ಹಾಯ್ದು ಇನ್ನೊಂದು ಬದಿಯಲ್ಲಿ ಹೊರಬೀಳುತ್ತದೆ. ಬಿಲ್ಲೆಯಲ್ಲಿ ತೂತಿಲ್ಲ, ಅನಿಲ ಸೋರುವ ಸಂದಿಯಿಲ್ಲ. ಆಮ್ಲಜನಕ ಹಾಯುವುದು ಗಟ್ಟಿ ಹರಳಿನ ಮೈಯೊಳಗಿಂದಲೇ.

ಒಡೆಯದೆ ಉಳಿಯುವ ಸ್ಥಿರತೆ ಒಂದು, ಆಮ್ಲಜನಕವನ್ನು ಸಾಗಿಸುವ ವಾಹಕತೆ ಇನ್ನೊಂದು. ಮೇಲ್ನೋಟಕ್ಕೆ ಇವೆರಡಕ್ಕೂ ಸಂಬಂಧ ಕಾಣದು. ಆದರೆ ಎರಡರ ಹಿಂದೆಯೂ ಇರುವುದು ಹರಳಿನ ಒಂದೇ ಕೊರತೆ: ಆಮ್ಲಜನಕ ಇರಬೇಕಾದ ಕಡೆ ಉಳಿದುಹೋದ ಖಾಲಿ ಸ್ಥಾನಗಳು. ಕಾರಿನ ಸೈಲೆನ್ಸರ್ ಪೈಪಿನಿಂದ ಮಂಗಳ ಗ್ರಹದವರೆಗೆ, ಹಲ್ಲಿನ ಕ್ಯಾಪಿನಿಂದ ಜೆಟ್ ಎಂಜಿನ್‌ವರೆಗೆ ಜಿರ್ಕೋನಿಯಾ ಮಾಡುತ್ತಿರುವ ಕೆಲಸವೆಲ್ಲ ಈ ತೆರಪುಗಳನ್ನು ಎಷ್ಟು ಬಿಡಬೇಕು, ಎಲ್ಲಿ ಬಿಡಬೇಕು ಎಂಬ ಲೆಕ್ಕಾಚಾರದಿಂದ ಬಂದದ್ದು.

ಮೂರು ರೂಪಗಳ ಹರಳು

ಸಿಲೋನಿನಿಂದ ಬಂದ ಜಿರ್ಕಾನ್ ರತ್ನದ ಕಲ್ಲನ್ನು ಬರ್ಲಿನ್ನಿನಲ್ಲಿ ವಿಶ್ಲೇಷಿಸಿದ ಮಾರ್ಟಿನ್ ಕ್ಲಾಪ್ರೋತ್ 1789ರಲ್ಲಿ ಅದರೊಳಗೆ ಅಲ್ಲಿಯವರೆಗೆ ಯಾರಿಗೂ ಗೊತ್ತಿರದ ಆಕ್ಸೈಡ್ ಒಂದನ್ನು ಗುರುತಿಸಿದ. ಅದೇ ಜಿರ್ಕೋನಿಯಾ, ಅಂದರೆ ಜಿರ್ಕೋನಿಯಂ ಆಕ್ಸೈಡ್. ಜಿರ್ಕಾನ್ ಇಂದಿಗೂ ಇದರ ಮುಖ್ಯ ಆಕರ. ಭಾರತದಲ್ಲಿ ಕೇರಳದ ಚವರ, ತಮಿಳುನಾಡಿನ ಮನವಾಲಕುರಿಚಿ, ಒಡಿಶಾದ ಛತ್ರಪುರದ ಕಡಲತೀರದ ಮರಳಿನಲ್ಲಿ ಇಲ್ಮನೈಟ್, ಮೊನಜೈಟ್ ಜೊತೆಗೆ ಜಿರ್ಕಾನ್ ಕೂಡ ಸಿಗುತ್ತದೆ. ಅದರಿಂದ ಸಿಲಿಕಾವನ್ನು ಬೇರ್ಪಡಿಸಿದರೆ ಉಳಿಯುವುದು ಜಿರ್ಕೋನಿಯಾ.

ಕೋಣೆಯ ಉಷ್ಣಾಂಶದಲ್ಲಿ ಜಿರ್ಕೋನಿಯಾ ಓರೆಯಾದ ಮಾನೋಕ್ಲಿನಿಕ್ ರೂಪದಲ್ಲಿರುತ್ತದೆ. ಸುಮಾರು 1170 ಡಿಗ್ರಿ ದಾಟಿದರೆ ಚೌಕ ತಳದ ಟೆಟ್ರಾಗೊನಲ್ ರೂಪ ತಾಳುತ್ತದೆ. 2370 ಡಿಗ್ರಿಯ ಮೇಲೆ ಎಲ್ಲ ಬದಿಗಳೂ ಸಮನಾದ ಕ್ಯೂಬಿಕ್ ರೂಪಕ್ಕೆ ಬರುತ್ತದೆ. ಕರಗಬೇಕಾದರೆ 2700 ಡಿಗ್ರಿಯ ಹತ್ತಿರ ಹೋಗಬೇಕು. ಆರುವಾಗ ಇದೇ ಹಾದಿಯಲ್ಲಿ ಹಿಂದಿರುಗುತ್ತದೆ. ಟೆಟ್ರಾಗೊನಲ್ ರೂಪ ಮಾನೋಕ್ಲಿನಿಕ್ ಆಗುವ ಹೊತ್ತಿನಲ್ಲಿ ಗಾತ್ರ ನೂರಕ್ಕೆ ನಾಲ್ಕೈದರಷ್ಟು ಹಿಗ್ಗುತ್ತದೆ. ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದಾಗ ಆಗುವಂಥದೇ ಬದಲಾವಣೆ ಇದು. ಪರಮಾಣುಗಳು ಒಂದೊಂದಾಗಿ ಜಾಗ ಬದಲಿಸುವುದಿಲ್ಲ, ಸಾಲುಸಾಲಾಗಿ ಒಟ್ಟಿಗೇ ಜರುಗುತ್ತವೆ. ಹಾಗಾಗಿಯೇ ನಿಧಾನವಾಗಿ ಆರಿಸಿ ಅದನ್ನು ತಪ್ಪಿಸಲು ಬರುವುದಿಲ್ಲ.

ಕ್ಯೂಬಿಕ್ ರೂಪ ಏಕೆ ನಿಲ್ಲುವುದಿಲ್ಲ? ಅಲ್ಲಿ ಪ್ರತಿ ಜಿರ್ಕೋನಿಯಂ ಅಯಾನಿನ ಸುತ್ತ ಎಂಟು ಆಮ್ಲಜನಕ ಅಯಾನುಗಳು ಒಂದು ಘನದ ಎಂಟು ಮೂಲೆಗಳಲ್ಲಿ ನಿಂತಿರಬೇಕು. ಜಿರ್ಕೋನಿಯಂ ಅಯಾನು ಅದಕ್ಕೆ ಸ್ವಲ್ಪ ಸಣ್ಣದು. ಎಂಟು ಆಮ್ಲಜನಕಗಳು ಅದರ ಸುತ್ತ ಸೇರಿದರೆ ಅವು ಒಂದನ್ನೊಂದು ತಳ್ಳತೊಡಗುತ್ತವೆ. ಭಾರಿ ಬಿಸಿಯಲ್ಲಿ ಎಲ್ಲವೂ ಜೋರಾಗಿ ಅದುರುತ್ತಿರುವಾಗ ಆ ಇಕ್ಕಟ್ಟು ಹೇಗೋ ಸಾಗುತ್ತದೆ. ಬಿಸಿ ಇಳಿದಾಗ ಹರಳು ವಾಲಿ, ತಿರುಚಿ, ನೆರೆಯ ಆಮ್ಲಜನಕಗಳ ಸಂಖ್ಯೆಯನ್ನು ಏಳಕ್ಕೆ ಇಳಿಸಿಕೊಳ್ಳುತ್ತದೆ. ಮಾನೋಕ್ಲಿನಿಕ್ ರೂಪದಲ್ಲಿ ಪ್ರತಿ ಜಿರ್ಕೋನಿಯಂಗೆ ಇರುವುದು ಏಳೇ ನೆರೆಗಳು.

ಬೆರಕೆ ತರುವ ಬಿಡುವು

ಇಟ್ರಿಯಾ ಬೆರೆಸಿದಾಗ ಆಗುವುದನ್ನು ಒಂದು ಸಣ್ಣ ಲೆಕ್ಕದಲ್ಲಿ ನೋಡಬಹುದು. ಜಿರ್ಕೋನಿಯಂ ಅಯಾನಿನ ಮೇಲೆ ನಾಲ್ಕು ಧನ ಆವೇಶ, ಇಟ್ರಿಯಂ ಮೇಲೆ ಮೂರು, ಆಮ್ಲಜನಕದ ಮೇಲೆ ಎರಡು ಋಣ ಆವೇಶ. ನೂರು ಅಣುಗಳಲ್ಲಿ 92 ಜಿರ್ಕೋನಿಯಾ, 8 ಇಟ್ರಿಯಾ ಎಂದಿಟ್ಟುಕೊಳ್ಳೋಣ. ಒಂದು ಇಟ್ರಿಯಾದಲ್ಲಿ ಎರಡು ಇಟ್ರಿಯಂ ಇರುವುದರಿಂದ ಒಟ್ಟು ಲೋಹದ ಅಯಾನುಗಳು 108. ಈ ಹರಳಿನ ಕಟ್ಟಡದಲ್ಲಿ ಪ್ರತಿ ಲೋಹಕ್ಕೆ ಎರಡರಂತೆ ಆಮ್ಲಜನಕಕ್ಕೆ 216 ಸ್ಥಾನಗಳಿವೆ. ಆದರೆ ಬಂದಿರುವ ಆಮ್ಲಜನಕ 208 ಮಾತ್ರ. ಉಳಿದ ಎಂಟು ಸ್ಥಾನ ಖಾಲಿ. ಅಂದರೆ 27 ಸ್ಥಾನಕ್ಕೆ ಒಂದು ತೆರಪು. ಆವೇಶದ ಲೆಕ್ಕ ಸರಿಹೋಗಬೇಕಾದರೆ ಹರಳಿಗೆ ಬೇರೆ ದಾರಿಯೇ ಇಲ್ಲ.

ಈ ತೆರಪುಗಳು ಎಲ್ಲಿ ಕೂರುತ್ತವೆ ಎಂಬುದು ಬಹುಕಾಲ ಚರ್ಚೆಯಲ್ಲಿತ್ತು. ಇಟ್ರಿಯಂನಿಂದಾಗಿ ಹುಟ್ಟಿದ್ದರಿಂದ ಅದರ ಪಕ್ಕದಲ್ಲೇ ಇರಬೇಕು ಎಂದು ಊಹಿಸುವುದು ಸಹಜ. ಕ್ಷಕಿರಣ ಹೀರಿಕೆಯ ಪ್ರಯೋಗಗಳು 1980 ಮತ್ತು 90ರ ದಶಕಗಳಲ್ಲಿ ಬೇರೆಯದನ್ನೇ ತೋರಿಸಿದವು. ಇಟ್ರಿಯಂ ಜಿರ್ಕೋನಿಯಂಗಿಂತ ದೊಡ್ಡ ಅಯಾನು. ಎಂಟು ನೆರೆಗಳು ಇದ್ದರೂ ಅದಕ್ಕೆ ಇಕ್ಕಟ್ಟಾಗುವುದಿಲ್ಲ. ಆದ್ದರಿಂದ ತೆರಪುಗಳು ಹೆಚ್ಚಾಗಿ ಜಿರ್ಕೋನಿಯಂ ಪಕ್ಕಕ್ಕೆ ಹೋಗಿ ಸೇರುತ್ತವೆ. ಜಿರ್ಕೋನಿಯಂ ಬಯಸುತ್ತಿದ್ದದ್ದೂ ಅದನ್ನೇ. ತನ್ನ ಸುತ್ತಣ ಎಂಟು ಸ್ಥಾನಗಳಲ್ಲಿ ಒಂದು ಖಾಲಿಯಾದರೆ ಅದಕ್ಕೆ ಏಳು ನೆರೆಗಳು ಸಿಕ್ಕಂತಾಯಿತು. ಅದಕ್ಕಾಗಿ ಇಡೀ ಹರಳು ಓರೆಯಾಗಬೇಕಾದ ಅಗತ್ಯ ಉಳಿಯಲಿಲ್ಲ. ಕ್ಯೂಬಿಕ್ ರೂಪ ಕೋಣೆಯ ಉಷ್ಣಾಂಶದವರೆಗೂ ಹಾಗೆಯೇ ಉಳಿಯುತ್ತದೆ.

ಸ್ಥಿರತೆಗೆ ತೆರಪೊಂದೇ ಕಾರಣವಲ್ಲ, ಬೆರಕೆ ಅಯಾನಿನ ಗಾತ್ರವೂ ಮುಖ್ಯ. ಸೀರಿಯಂ ಅಯಾನಿನ ಮೇಲೆ ಜಿರ್ಕೋನಿಯಂನಷ್ಟೇ ನಾಲ್ಕು ಆವೇಶ. ಅದು ತೆರಪು ಹುಟ್ಟಿಸುವುದಿಲ್ಲ. ಆದರೂ ದೊಡ್ಡದಾದ್ದರಿಂದ ಸುತ್ತಣ ಜಾಗವನ್ನು ಹಿಗ್ಗಿಸಿ ಟೆಟ್ರಾಗೊನಲ್ ರೂಪವನ್ನು ನಿಲ್ಲಿಸಬಲ್ಲದು. ಜರ್ಮನಿಯ ಒಟ್ಟೊ ರುಫ್ ಮತ್ತು ಸಂಗಡಿಗರು 1929ರಲ್ಲೇ ಮೆಗ್ನೀಷಿಯಾದಂಥ ಆಕ್ಸೈಡ್ ಬೆರೆಸಿ ಕ್ಯೂಬಿಕ್ ಜಿರ್ಕೋನಿಯಾವನ್ನು ಆರಿದ ಮೇಲೂ ಉಳಿಸಿಕೊಳ್ಳಬಹುದು ಎಂದು ತೋರಿಸಿದ್ದರು.

ವಾಹಕತೆ ಇದೇ ತೆರಪಿನ ಇನ್ನೊಂದು ಕೆಲಸ. ಜನ ತುಂಬಿ ತುಳುಕುವ ಸಿಟಿ ಬಸ್ಸಿನ ನಡುವೆ ಒಬ್ಬ ಇಳಿದರೆ ಪಕ್ಕದವ ಆ ಜಾಗಕ್ಕೆ ಸರಿಯುತ್ತಾನೆ, ಅವನ ಜಾಗಕ್ಕೆ ಅವನ ಹಿಂದಿನವ. ಖಾಲಿ ಜಾಗ ಬಾಗಿಲವರೆಗೆ ಸಾಗಿಬರುತ್ತದೆ. ಹರಳಿನಲ್ಲೂ ಪಕ್ಕದ ಆಮ್ಲಜನಕ ಅಯಾನು ತೆರಪಿಗೆ ನೆಗೆಯುತ್ತದೆ, ಅದು ಬಿಟ್ಟುಬಂದ ಜಾಗಕ್ಕೆ ಮತ್ತೊಂದು. ಒಂದೊಂದು ನೆಗೆತಕ್ಕೂ ಸುಮಾರು ಒಂದು ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಕೋಣೆಯ ಉಷ್ಣಾಂಶದಲ್ಲಿ ಅಷ್ಟು ಶಕ್ತಿ ಸಿಗುವುದು ತೀರ ಅಪರೂಪ. ಹಾಗಾಗಿ ತಣ್ಣಗಿನ ಜಿರ್ಕೋನಿಯಾ ಒಳ್ಳೆಯ ವಿದ್ಯುತ್ ನಿರೋಧಕ. ಕಾದಂತೆ ನೆಗೆತಗಳು ಹೆಚ್ಚುತ್ತವೆ. ಸಾವಿರ ಡಿಗ್ರಿಯಲ್ಲಿ ಎಂಟು ಭಾಗ ಇಟ್ರಿಯಾ ಬೆರೆತ ಜಿರ್ಕೋನಿಯಾದ ವಾಹಕತೆ ಸೆಂಟಿಮೀಟರಿಗೆ 0.1 ಸೀಮೆನ್ಸ್ ಮುಟ್ಟಿ ಸಮುದ್ರದ ನೀರಿನ ವಾಹಕತೆಯನ್ನು ಮೀರುತ್ತದೆ. ಅಷ್ಟಾದರೂ ಎಲೆಕ್ಟ್ರಾನುಗಳಿಗೆ ಅದರಲ್ಲಿ ಹೆಚ್ಚುಕಡಿಮೆ ದಾರಿಯೇ ಇಲ್ಲ. ಹರಿಯುವುದು ಆಮ್ಲಜನಕವೇ.

ನೆರ್ನ್‌ಸ್ಟ್ ಕಂಡ ಬೆಳಕು

ಈ ಗುಣವನ್ನು ಮೊದಲು ಬಳಕೆಗೆ ತಂದದ್ದು ದೀಪದಲ್ಲಿ. ಜರ್ಮನಿಯ ಗಾಟಿಂಗೆನ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ವಾಲ್ಟರ್ ನೆರ್ನ್‌ಸ್ಟ್ 1897ರಲ್ಲಿ ಲೋಹದ ಬದಲು ಸೆರಾಮಿಕ್ ಕಡ್ಡಿಯನ್ನು ಬೆಳಗಿಸುವ ದೀಪ ಕಂಡುಹಿಡಿದರು. ಕಡ್ಡಿಯ ಪಾಕ ತೂಕದಲ್ಲಿ 85 ಭಾಗ ಜಿರ್ಕೋನಿಯಾ, 15 ಭಾಗ ಇಟ್ರಿಯಾ. ತಣ್ಣಗಿದ್ದಾಗ ವಿದ್ಯುತ್ ಹರಿಯದ ಕಾರಣ ಅದನ್ನು ಮೊದಲು ಕಾಯಿಸಬೇಕಿತ್ತು. ಆರಂಭದಲ್ಲಿ ಸ್ಪಿರಿಟ್ ದೀಪದ ಜ್ವಾಲೆ ಹಿಡಿಯುತ್ತಿದ್ದರು, ಆಮೇಲೆ ಪ್ಲಾಟಿನಂ ತಂತಿಯ ಹೀಟರ್ ಬಂತು. ಒಮ್ಮೆ ಕಾದರೆ ಕಡ್ಡಿ ಬಿಳಿಬಿಳಿಯಾಗಿ ಉರಿಯುತ್ತಿತ್ತು. ಇಂಗಾಲದ ತಂತಿಯ ಬಲ್ಬಿಗೆ ಬೇಕಾದ ನಿರ್ವಾತ ಗಾಜಿನ ಬುರುಡೆಯೂ ಇದಕ್ಕೆ ಬೇಕಿರಲಿಲ್ಲ.

ಜರ್ಮನಿಯ ಎಇಜಿ ಕಂಪನಿ ಅದರ ಹಕ್ಕು ಕೊಂಡಿತು, ಅಮೆರಿಕದಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸ್ ತಯಾರಿಕೆ ಆರಂಭಿಸಿದರು. ಕೆಲವೇ ವರ್ಷಗಳಲ್ಲಿ ಟಂಗ್‌ಸ್ಟನ್ ತಂತಿಯ ಬಲ್ಬು ಬಂದು ಈ ದೀಪವನ್ನು ಮನೆ, ಬೀದಿಗಳಿಂದ ತೆರವು ಮಾಡಿತು. ಆದರೆ ಇನ್‌ಫ್ರಾರೆಡ್ ಸ್ಪೆಕ್ಟ್ರೋಮೀಟರ್‌ಗಳ ಬೆಳಕಿನ ಮೂಲವಾಗಿ ನೆರ್ನ್‌ಸ್ಟ್ ಕಡ್ಡಿ ಪ್ರಯೋಗಾಲಯಗಳಲ್ಲಿ ಮತ್ತೆ ಹಲವು ದಶಕ ಉರಿಯಿತು.

ಆ ಪಾಕವನ್ನು ಅಣುಗಳ ಲೆಕ್ಕಕ್ಕೆ ತಿರುಗಿಸಿದರೆ ಇಟ್ರಿಯಾದ ಪಾಲು ನೂರಕ್ಕೆ ಒಂಬತ್ತರ ಹತ್ತಿರ ಬರುತ್ತದೆ. ಇಂದಿನ ಸಂಶೋಧನೆ ಅತಿ ಹೆಚ್ಚಿನ ವಾಹಕತೆ ಸಿಗುವ ಪ್ರಮಾಣ ಎಂದು ಗುರುತಿಸಿರುವುದು ಎಂಟು–ಒಂಬತ್ತನ್ನೇ. ತೆರಪುಗಳ ಕಲ್ಪನೆಯೇ ಇಲ್ಲದ ಕಾಲದಲ್ಲಿ, ಬರೀ ಬೆರೆಸಿ ಸುಟ್ಟು ನೋಡುತ್ತ ನೆರ್ನ್‌ಸ್ಟ್ ಅಲ್ಲಿಗೆ ಮುಟ್ಟಿದ್ದರು. ಆ ಕಡ್ಡಿಯಲ್ಲಿ ವಿದ್ಯುತ್ತನ್ನು ಸಾಗಿಸುವುದು ಆಮ್ಲಜನಕದ ಖಾಲಿ ಸ್ಥಾನಗಳು ಎಂದು ಕಾರ್ಲ್ ವ್ಯಾಗ್ನರ್ ವಿವರಿಸಿದ್ದು 1943ರಲ್ಲಿ. ಅದಕ್ಕೂ ಮೊದಲೇ, 1937ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ ಎಮಿಲ್ ಬೌರ್ ಮತ್ತು ಪ್ರೈಸ್ ಜಿರ್ಕೋನಿಯಾ ಬಳಸಿದ ಇಂಧನ ಕೋಶವನ್ನು ಸಾವಿರ ಡಿಗ್ರಿಯಲ್ಲಿ ನಡೆಸಿ ತೋರಿಸಿದ್ದರು.

ಎಂಟರ ಆಚೆಗೆ

ತೆರಪು ಹೆಚ್ಚಿದಷ್ಟೂ ವಾಹಕತೆ ಹೆಚ್ಚಬೇಕು ಎನ್ನಿಸುತ್ತದೆ. ಹಾಗಾಗುವುದಿಲ್ಲ. ಇಟ್ರಿಯಾದ ಪಾಲು ಎಂಟು–ಒಂಬತ್ತನ್ನು ದಾಟಿದೊಡನೆ ವಾಹಕತೆ ಇಳಿಮುಖವಾಗುತ್ತದೆ. ಹನ್ನೆರಡು ಭಾಗ ಬೆರೆಸಿದ ಹರಳಿನಲ್ಲಿ ತೆರಪುಗಳು ಹೆಚ್ಚಿದ್ದರೂ ಆಮ್ಲಜನಕ ಸಾಗುವುದು ಕಡಿಮೆ.

ಕಾರಣಗಳು ಎರಡು. ತೆರಪುಗಳು ಹತ್ತಿರ ಹತ್ತಿರ ಬಂದಂತೆ ಒಂದಕ್ಕೊಂದು ಅಂಟಿಕೊಂಡು ಗುಂಪಾಗುತ್ತವೆ. ಗುಂಪಿನಲ್ಲಿ ಸಿಕ್ಕ ತೆರಪು ಅಲೆಯುವುದಿಲ್ಲ. ಎರಡನೆಯದು ದಾರಿಯ ಅಗಲ. ಒಂದು ಸ್ಥಾನದಿಂದ ಇನ್ನೊಂದಕ್ಕೆ ನೆಗೆಯುವ ಆಮ್ಲಜನಕ ಎರಡು ಲೋಹದ ಅಯಾನುಗಳ ನಡುವಿನ ಸಂದಿಯಲ್ಲಿ ನುಸುಳಬೇಕು. ಎರಡೂ ಕಡೆ ಜಿರ್ಕೋನಿಯಂ ಇದ್ದರೆ ಸುಲಭ, ಒಂದು ಕಡೆ ಇಟ್ರಿಯಂ ಬಂದರೆ ಕಷ್ಟ, ಎರಡೂ ಕಡೆ ಇಟ್ರಿಯಂ ಆದರೆ ಬಹಳ ಕಷ್ಟ. ತೆರಪು ಹುಟ್ಟಿಸಲು ತಂದ ಇಟ್ರಿಯಂ ಹೆಚ್ಚಾದರೆ ಅದೇ ದಾರಿಗೆ ಅಡ್ಡ ನಿಲ್ಲುತ್ತದೆ.

ಗಾತ್ರದಲ್ಲಿ ಜಿರ್ಕೋನಿಯಂಗೆ ಹತ್ತಿರವಾದ ಅಯಾನನ್ನು ತಂದರೆ? ಮೂರು ಆವೇಶದ ಲೋಹಗಳಲ್ಲಿ ಸ್ಕ್ಯಾಂಡಿಯಂ ಹಾಗಿದೆ. ಜಿರ್ಕೋನಿಯಂ ಅಯಾನಿನ ತ್ರಿಜ್ಯ 0.84 ಆಂಗ್‌ಸ್ಟ್ರಾಂ, ಸ್ಕ್ಯಾಂಡಿಯಂನದು 0.87, ಇಟ್ರಿಯಂನದು 1.02. ನಿರೀಕ್ಷೆಯಂತೆ ಸ್ಕ್ಯಾಂಡಿಯಾ ಬೆರೆಸಿದ ಜಿರ್ಕೋನಿಯಾದ ವಾಹಕತೆ ಸಾವಿರ ಡಿಗ್ರಿಯಲ್ಲಿ ಇಟ್ರಿಯಾದ್ದಕ್ಕಿಂತ ಎರಡು–ಮೂರು ಪಟ್ಟು ಹೆಚ್ಚು. ಆದರೆ ಇಲ್ಲಿ ಸ್ಥಿರತೆ ಕೈಕೊಡುತ್ತದೆ. ಹತ್ತು–ಹನ್ನೊಂದು ಭಾಗ ಸ್ಕ್ಯಾಂಡಿಯಾ ಇರುವ ಹರಳು ಸುಮಾರು 600 ಡಿಗ್ರಿಗಿಂತ ಕೆಳಗೆ ಬಂದಾಗ ತೆರಪುಗಳು ಶಿಸ್ತಾಗಿ ಸಾಲುಗಟ್ಟಿ ಅದು ರಾಂಬೋಹೆಡ್ರಲ್ ರೂಪ ತಾಳುತ್ತದೆ, ವಾಹಕತೆ ಒಮ್ಮೆಗೇ ಕುಸಿಯುತ್ತದೆ. ಇದಕ್ಕೆ ಸಿಕ್ಕ ಮದ್ದು ಅಚ್ಚರಿಯಷ್ಟು ಸಣ್ಣದು. ಹತ್ತು ಭಾಗ ಸ್ಕ್ಯಾಂಡಿಯಾದ ಜೊತೆ ಒಂದೇ ಒಂದು ಭಾಗ ಸೀರಿಯಾ ಬೆರೆಸಿದರೆ ಸಾಲುಗಟ್ಟುವಿಕೆ ತಪ್ಪಿ ಕ್ಯೂಬಿಕ್ ರೂಪ ಉಳಿಯುತ್ತದೆ.

ಇಟ್ರಿಯಾದ ಹರಳಿಗೂ ಮುಪ್ಪು ಬರುತ್ತದೆ. ಎಂಟು ಭಾಗದ ಬಿಲ್ಲೆಯನ್ನು ಸಾವಿರ ಡಿಗ್ರಿಯಲ್ಲಿ ಸಾವಿರಾರು ಗಂಟೆ ಬಿಟ್ಟರೆ ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಟೆಟ್ರಾಗೊನಲ್ ತುಣುಕುಗಳು ಹುಟ್ಟಿಕೊಂಡು ವಾಹಕತೆ ಇಳಿಯುತ್ತದೆ. ಹತ್ತು ಭಾಗ ಬೆರೆಸಿದ ಬಿಲ್ಲೆ ಶುರುವಿನಲ್ಲಿ ಸ್ವಲ್ಪ ಹಿಂದಿದ್ದರೂ ಹೆಚ್ಚು ಕಾಲ ಹಾಗೆಯೇ ನಡೆಯುತ್ತದೆ. ಇಂದು ಹೆಚ್ಚು ಬೇಕೋ, ನಾಳೆಯವರೆಗೆ ಬಾಳಬೇಕೋ ಎಂಬ ಆಯ್ಕೆ ಎಂಜಿನಿಯರುಗಳ ಮುಂದೆ ಸದಾ ಇರುತ್ತದೆ.

ಸೈಲೆನ್ಸರ್ ಪೈಪಿನಲ್ಲಿ

ಈ ಆಯ್ಕೆಯನ್ನು ದಿನವೂ ಬಳಸುತ್ತಿರುವವರು ವಾಹನ ಓಡಿಸುವವರು. ಪೆಟ್ರೋಲ್ ಕಾರಿನ ಎಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಪೈಪಿಗೆ ಸ್ಪಾರ್ಕ್ ಪ್ಲಗ್ಗಿನ ಗಾತ್ರದ ಒಂದು ಸಾಧನವನ್ನು ತಿರುಗಿಸಿ ಬಿಗಿದಿರುತ್ತಾರೆ. ಗ್ಯಾರೇಜಿನಲ್ಲಿ ಅದು ಆಕ್ಸಿಜನ್ ಸೆನ್ಸರ್ ಅಥವಾ ಓಟು ಸೆನ್ಸರ್. ಅದರ ಲೋಹದ ಕವಚ ಬಿಚ್ಚಿದರೆ ಒಳಗೆ ಸಾಮಾನ್ಯವಾಗಿ ಕಾಣುವುದು ಒಂದು ತುದಿ ಮುಚ್ಚಿದ ಜಿರ್ಕೋನಿಯಾ ಕಿರುಕೊಳವೆ, ಇಲ್ಲವೇ ಪದರ ಪದರವಾಗಿ ಜೋಡಿಸಿದ ತೆಳು ಪಟ್ಟಿ. ಒಳಬದಿ, ಹೊರಬದಿ ಎರಡಕ್ಕೂ ಪ್ಲಾಟಿನಂ ಲೇಪ. ಒಳಗೆ ಹೊರಗಿನ ಗಾಳಿ, ಹೊರಗೆ ಎಂಜಿನ್ನಿನ ಹೊಗೆ.

ಕೊಳವೆ 350 ಡಿಗ್ರಿ ಮುಟ್ಟುತ್ತಿದ್ದಂತೆ ಕೆಲಸ ಆರಂಭ. ಗಾಳಿಯಲ್ಲಿ ಆಮ್ಲಜನಕ ಹೆಚ್ಚು, ಹೊಗೆಯಲ್ಲಿ ಕಡಿಮೆ. ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಅಯಾನುಗಳು ಹೊರಡಲು ನೋಡುತ್ತವೆ, ಆ ಒತ್ತಡ ವೋಲ್ಟೇಜಾಗಿ ಕಾಣಿಸಿಕೊಳ್ಳುತ್ತದೆ. ಎಷ್ಟು ವೋಲ್ಟ್ ಎಂದು ಹೇಳುವ ಸಮೀಕರಣವೂ ದೀಪದ ನೆರ್ನ್‌ಸ್ಟ್ ಅವರದೇ, 1889ರದು. ಒಂದು ಕಿಲೋ ಪೆಟ್ರೋಲಿಗೆ 14.7 ಕಿಲೋ ಗಾಳಿ ಸರಿಯಾದ ಅಳತೆ. ಪೆಟ್ರೋಲ್ ಹೆಚ್ಚಾದರೆ ಸೆನ್ಸರ್ 0.8–0.9 ವೋಲ್ಟ್ ತೋರಿಸುತ್ತದೆ, ಗಾಳಿ ಹೆಚ್ಚಾದರೆ 0.1ರ ಹತ್ತಿರಕ್ಕೆ ಬೀಳುತ್ತದೆ. ಈ ಏರಿಳಿತ ನೋಡಿ ಎಂಜಿನ್ನಿನ ಕಂಪ್ಯೂಟರು ಪೆಟ್ರೋಲಿನ ಅಳತೆಯನ್ನು ಮತ್ತೆ ಮತ್ತೆ ತಿದ್ದುತ್ತದೆ. ಇಂಗಾಲದ ಮಾನಾಕ್ಸೈಡ್, ಸುಡದ ಇಂಧನ, ನೈಟ್ರೋಜನ್ ಆಕ್ಸೈಡ್ ಮೂರನ್ನೂ ಒಟ್ಟಿಗೆ ಅಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಮಾಡುವುದು ಈ ಅಳತೆಯ ತೀರ ಇಕ್ಕಟ್ಟಾದ ಗೆರೆಯೊಳಗೆ ಮಾತ್ರ.

ಬಾಷ್ ಕಂಪನಿ ತಯಾರಿಸಿದ ಈ ಸೆನ್ಸರ್ 1976ರಲ್ಲಿ ಅಮೆರಿಕದ ಮಾರುಕಟ್ಟೆಗೆ ಹೊರಟ ವೋಲ್ವೊ ಕಾರುಗಳಲ್ಲಿ ಮೊದಲು ಬಂತು. ಸೀಸ ಬೆರೆತ ಪೆಟ್ರೋಲ್ ಪ್ಲಾಟಿನಂ ಲೇಪವನ್ನು ಕೆಡಿಸುವುದರಿಂದ ಸೀಸರಹಿತ ಪೆಟ್ರೋಲ್ ಇಲ್ಲದೆ ಈ ವ್ಯವಸ್ಥೆ ನಡೆಯದು; ಭಾರತದಲ್ಲಿ ಅದು ದೇಶದಾದ್ಯಂತ ಬಂದದ್ದು 2000ದಲ್ಲಿ. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಜಾರಿಯಾದ ಮೇಲೆ ಫ್ಯೂಯಲ್ ಇಂಜೆಕ್ಷನ್ ಜೊತೆಗೆ ಆಕ್ಸಿಜನ್ ಸೆನ್ಸರ್ ಸ್ಕೂಟರು, ಬೈಕುಗಳಿಗೂ ಬಂದಿದೆ.

ಸೆನ್ಸರಿನ ಕೊಳವೆಯಲ್ಲಿ ಇಟ್ರಿಯಾದ ಪಾಲು ಎಂಟಲ್ಲ, ಸಾಮಾನ್ಯವಾಗಿ ನಾಲ್ಕೈದು. ವಾಹಕತೆ ಸ್ವಲ್ಪ ತಗ್ಗಿದರೂ ಚಿಂತೆಯಿಲ್ಲ. ಮಳೆಗಾಲದ ಚಳಿಯಿಂದ ಕ್ಷಣದಲ್ಲಿ ನೂರಾರು ಡಿಗ್ರಿಗೆ ಜಿಗಿದಾಗ ಕೊಳವೆ ಸೀಳಬಾರದು. ಉಕ್ಕಿನ ಕಾರ್ಖಾನೆಗಳಲ್ಲಿ ಕರಗಿದ ಉಕ್ಕಿಗೆ ಅದ್ದಿ ಅದರಲ್ಲಿ ಬೆರೆತ ಆಮ್ಲಜನಕ ಅಳೆಯುವ ಪ್ರೋಬ್‌ಗಳಲ್ಲಿ ಇದೇ ಕಾರಣಕ್ಕೆ ಮೆಗ್ನೀಷಿಯಾ ಬೆರೆಸಿದ ಜಿರ್ಕೋನಿಯಾ ಇರುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಅಳತೆ ಕೊಟ್ಟು ಅದರ ಆಯಸ್ಸು ಮುಗಿಯುತ್ತದೆ.

ಬಿರುಕಿಗೆ ತಡೆ, ನೀರಿಗೆ ಸೋಲು

ಬೆರಕೆಯನ್ನು ಇನ್ನೂ ಕಡಿಮೆ ಮಾಡಿ ಮೂರು ಭಾಗಕ್ಕೆ ಇಳಿಸಿದರೆ ಜಿರ್ಕೋನಿಯಾ ಬೇರೆಯದೇ ಉಪಯೋಗಕ್ಕೆ ಬರುತ್ತದೆ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ರಾನ್ ಗಾರ್ವಿ, ಹ್ಯಾನಿಂಕ್ ಮತ್ತು ಪ್ಯಾಸ್ಕೋ 1975ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇಂಥ ಅರೆಸ್ಥಿರ ಜಿರ್ಕೋನಿಯಾವನ್ನು ಉಕ್ಕಿನೊಂದಿಗೆ ಹೋಲಿಸಿ ಪ್ರಬಂಧ ಪ್ರಕಟಿಸಿದರು. ಅದರಲ್ಲಿ ಟೆಟ್ರಾಗೊನಲ್ ಕಣಗಳು ಮಾನೋಕ್ಲಿನಿಕ್ ಆಗಲು ಕಾಯುತ್ತಿರುತ್ತವೆ, ಸುತ್ತಲಿನ ಒತ್ತಡ ಬಿಡುತ್ತಿರುವುದಿಲ್ಲ. ಒಂದು ಬಿರುಕು ಬಂತೆನ್ನಿ: ಬಿರುಕಿನ ತುದಿಯಲ್ಲಿ ಎಳೆತ ಹೆಚ್ಚಾಗಿ ಅಲ್ಲಿನ ಕಣಗಳು ರೂಪ ಬದಲಿಸಿ ಹಿಗ್ಗುತ್ತವೆ. ಆ ಹಿಗ್ಗು ಬಿರುಕಿನ ಬಾಯಿಯನ್ನು ಎರಡೂ ಕಡೆಯಿಂದ ಒತ್ತಿ ಮುಚ್ಚುತ್ತದೆ. ಶುದ್ಧ ಬಿಲ್ಲೆಯನ್ನು ಚೂರು ಮಾಡಿದ ಅದೇ ಹಿಗ್ಗು ಇಲ್ಲಿ ರಕ್ಷಣೆಗೆ ಬಂದಿದೆ.

ಹಲ್ಲಿನ ವೈದ್ಯರು ಕೂರಿಸುವ ಜಿರ್ಕೋನಿಯಾ ಕ್ಯಾಪುಗಳು, ಸೆರಾಮಿಕ್ ಚಾಕುಗಳು ಈ ಜಾತಿಯವು. ಅರೆಬೆಂದ, ಸೀಮೆಸುಣ್ಣದಷ್ಟು ಮೆದುವಾದ ಗಟ್ಟಿಯನ್ನು ಕಂಪ್ಯೂಟರ್ ಯಂತ್ರ ಹಲ್ಲಿನ ಆಕಾರಕ್ಕೆ ಕೊರೆಯುತ್ತದೆ. 1500 ಡಿಗ್ರಿಯಲ್ಲಿ ಸುಟ್ಟಾಗ ಅದು ನೂರಕ್ಕೆ ಇಪ್ಪತ್ತರಷ್ಟು ಕುಗ್ಗುವುದರಿಂದ ಮೊದಲೇ ಅಷ್ಟು ದೊಡ್ಡದಾಗಿ ಕೊರೆದಿರುತ್ತಾರೆ. ಮುಂದಿನ ಹಲ್ಲಿಗೆ ಬೆಳಕು ಹಾಯುವ ಕ್ಯಾಪ್ ಬೇಕಾದರೆ ಇಟ್ರಿಯಾವನ್ನು ಐದಕ್ಕೆ ಏರಿಸುತ್ತಾರೆ. ಆಗ ಕ್ಯೂಬಿಕ್ ಪಾಲು ಹೆಚ್ಚಿ ಅಂದ ಬರುತ್ತದೆ, ಗಟ್ಟಿತನ ಕಡಿಮೆಯಾಗುತ್ತದೆ.

ಈ ಜಾತಿಯ ಜಿರ್ಕೋನಿಯಾಕ್ಕೆ ನೀರು ಶತ್ರು. ತೇವದ ಬಿಸಿ ಗಾಳಿಯಲ್ಲಿ ಇಟ್ಟರೆ ಮೇಲ್ಮೈಯ ಕಣಗಳು ತಾವಾಗಿಯೇ ಮಾನೋಕ್ಲಿನಿಕ್ ಆಗುತ್ತ ಒರಟಾಗುತ್ತವೆ ಎಂದು ಜಪಾನಿನ ಸಂಶೋಧಕರು 1981ರಲ್ಲೇ ತೋರಿಸಿದ್ದರು. ನೀರಿನ ಅಂಶ ಹರಳಿನೊಳಗೆ ಹೊಕ್ಕು ತೆರಪುಗಳನ್ನು ತುಂಬಿಬಿಡುತ್ತದೆ, ತೆರಪಿನಿಂದ ಸಿಕ್ಕಿದ್ದ ಸ್ಥಿರತೆ ಹೋಗುತ್ತದೆ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಇದರ ಪೆಟ್ಟು 2001ರ ಹೊತ್ತಿಗೆ ರೋಗಿಗಳಿಗೂ ತಟ್ಟಿತು. ಸೊಂಟದ ಕೀಲು ಬದಲಿ ಶಸ್ತ್ರಚಿಕಿತ್ಸೆಗೆಂದು ಫ್ರಾನ್ಸಿನಲ್ಲಿ ತಯಾರಾದ ಜಿರ್ಕೋನಿಯಾ ಗುಂಡುಗಳಲ್ಲಿ ನೂರಾರು ಒಡೆದವು, ತಯಾರಕರು ಆ ಸರಕನ್ನು ಹಿಂದಕ್ಕೆ ಪಡೆದರು. ಸುಡುವ ಕುಲುಮೆಯ ವಿಧಾನ ಬದಲಿಸಿದ ಮೇಲೆ ತಯಾರಾದ ಗುಂಡುಗಳಲ್ಲಿ ದೋಷ ಕಂಡಿತ್ತು. ಬೆರಕೆ ಸರಿಯಿದ್ದರೆ ಸಾಲದು, ಬೇಯಿಸುವ ಕ್ರಮವೂ ಕಣದ ಗಾತ್ರವೂ ಹದವಾಗಿರಬೇಕು ಎಂಬುದಕ್ಕೆ ಆ ರೋಗಿಗಳು ನೋವು ತಿನ್ನಬೇಕಾಯಿತು. ಮೂಳೆ ಶಸ್ತ್ರಚಿಕಿತ್ಸೆ ಅಲ್ಲಿಂದಾಚೆ ಬರೀ ಜಿರ್ಕೋನಿಯಾದ ಬದಲು ಅಲ್ಯೂಮಿನಾದೊಳಗೆ ಜಿರ್ಕೋನಿಯಾ ಬೆರೆಸಿದ ಗುಂಡುಗಳತ್ತ ವಾಲಿತು.

ಆಭರಣದ ಅಂಗಡಿಗಳಲ್ಲಿ ಅಮೆರಿಕನ್ ಡೈಮಂಡ್ ಎಂದು ಮಾರುವ ಓಲೆ, ಮೂಗುತಿಯ ಹರಳುಗಳೂ ಪೂರ್ತಿ ಸ್ಥಿರಗೊಳಿಸಿದ ಕ್ಯೂಬಿಕ್ ಜಿರ್ಕೋನಿಯಾವೇ. 2700 ಡಿಗ್ರಿಯ ದ್ರವವನ್ನು ಹಿಡಿಯುವ ಪಾತ್ರೆ ಇಲ್ಲದ್ದರಿಂದ ಮಾಸ್ಕೋದ ಲೆಬೆಡೆವ್ ಭೌತವಿಜ್ಞಾನ ಸಂಸ್ಥೆಯಲ್ಲಿ ವ್ಯಾಚೆಸ್ಲಾವ್ ಒಸಿಕೊ ತಂಡ 1970ರ ದಶಕದಲ್ಲಿ ಬೇರೆ ಉಪಾಯ ಹೂಡಿತು. ನೀರು ಹರಿಯುವ ತಾಮ್ರದ ಕೊಳವೆಗಳ ನಡುವೆ ಪುಡಿ ಸುರಿದು ರೇಡಿಯೊ ತರಂಗಗಳಿಂದ ಒಳಭಾಗವನ್ನು ಮಾತ್ರ ಕರಗಿಸಿದರು. ಅಂಚಿನ ಕರಗದ ಪುಡಿಯೇ ಪಾತ್ರೆಯಾಯಿತು.

ಬೆಂಗಳೂರಿನ ಪ್ರಯೋಗಾಲಯಗಳಲ್ಲಿ

ಭಾರತದಲ್ಲಿ ಈ ವಿಷಯಕ್ಕೆ ಗಟ್ಟಿ ಪರಂಪರೆಯಿದೆ. ಐಐಟಿ ಕಾನ್ಪುರದಲ್ಲಿ ಇ. ಸಿ. ಸುಬ್ಬರಾವ್ ಮತ್ತು ಸಂಗಡಿಗರು ಜಿರ್ಕೋನಿಯಾದ ರೂಪಾಂತರದ ಬಗ್ಗೆ 1974ರಲ್ಲಿ ಬರೆದ ವಿಮರ್ಶಾ ಲೇಖನವನ್ನು ಇಂದಿಗೂ ಸಂಶೋಧಕರು ತೆರೆದು ನೋಡುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಟಿ. ಜೇಕಬ್ ಸ್ಥಿರಗೊಳಿಸಿದ ಜಿರ್ಕೋನಿಯಾ ಕೊಳವೆಗಳನ್ನೇ ಅಳತೆಯ ಉಪಕರಣ ಮಾಡಿಕೊಂಡು ಹತ್ತಾರು ಆಕ್ಸೈಡುಗಳ ಉಷ್ಣಬಲ ಗುಣಗಳನ್ನು ದಾಖಲಿಸಿದರು.

ಅದೇ ಸಂಸ್ಥೆಯಲ್ಲಿ ಕೆ. ಸಿ. ಪಾಟೀಲ್ ಪುಡಿ ತಯಾರಿಸುವ ದಾರಿಯನ್ನೇ ಬದಲಿಸಿದರು. ಜಿರ್ಕೋನಿಯಂ ಮತ್ತು ಇಟ್ರಿಯಂ ನೈಟ್ರೇಟುಗಳನ್ನು ಕಾರ್ಬೊಹೈಡ್ರಜೈಡ್‌ನಂಥ ಇಂಧನದ ಜೊತೆ ನೀರಿನಲ್ಲಿ ಕರಗಿಸಿ ಬಟ್ಟಲಿಗೆ ಹಾಕಿ, ಸಾಧಾರಣ ಮಫಲ್ ಕುಲುಮೆಗೆ ಇಡುವುದು. ಕೆಲ ನಿಮಿಷದಲ್ಲಿ ದ್ರಾವಣ ಕುದಿಯುತ್ತದೆ, ನೀರು ಆರಿ ನೊರೆ ಉಕ್ಕುತ್ತದೆ, ಅದಕ್ಕೆ ತಾನಾಗಿ ಬೆಂಕಿ ಹೊತ್ತುತ್ತದೆ. ಜ್ವಾಲೆ ನಂದಿದಾಗ ಬಟ್ಟಲ ತುಂಬ ಹಗುರವಾದ ನುಣ್ಣನೆಯ ಪುಡಿ. ಬೆರಕೆ ಅಯಾನುಗಳು ದ್ರಾವಣದಲ್ಲೇ ಒಂದಾಗಿ ಬೆರೆತಿದ್ದರಿಂದ ಪುಡಿಯ ಪ್ರತಿ ಕಣದಲ್ಲೂ ಅವು ಸಮನಾಗಿರುತ್ತವೆ. ಎರಡು ಪುಡಿಗಳನ್ನು ಅರೆದು ಗಂಟೆಗಟ್ಟಲೆ ಸುಡುವ ಹಳೆಯ ವಿಧಾನದಲ್ಲಿ ಇದು ಸುಲಭವಾಗಿ ಸಾಧ್ಯವಾಗುತ್ತಿರಲಿಲ್ಲ. ಈ ದಹನ ವಿಧಾನ ಇಂದು ಪ್ರಪಂಚದ ಅನೇಕ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ.

ಮಂಗಳನ ಗಾಳಿಯಿಂದ ಆಮ್ಲಜನಕ

ಮಂಗಳನ ವಾತಾವರಣದಲ್ಲಿ ನೂರಕ್ಕೆ 95ರಷ್ಟು ಇಂಗಾಲದ ಡೈಆಕ್ಸೈಡ್. ನಾಸಾದ ಪರ್ಸಿವಿಯರೆನ್ಸ್ ರೋವರ್ ಹೊತ್ತೊಯ್ದ ಮಾಕ್ಸಿ ಎಂಬ ಉಪಕರಣ ಆ ಗಾಳಿಯನ್ನು ಎಳೆದು, ಒತ್ತಿ, 800 ಡಿಗ್ರಿಗೆ ಕಾಯಿಸಿದ ಹತ್ತು ಕೋಶಗಳೊಳಗೆ ಹಾಯಿಸಿತು. ಕೋಶಗಳ ಒಳಪದರ ಸ್ಕ್ಯಾಂಡಿಯಾ ಬೆರೆಸಿದ ಜಿರ್ಕೋನಿಯಾ. ವಿದ್ಯುತ್ತಿನ ಒತ್ತಡಕ್ಕೆ ಡೈಆಕ್ಸೈಡ್ ಸೀಳಿ, ಆಮ್ಲಜನಕ ಮಾತ್ರ ಅಯಾನಾಗಿ ತೆರಪುಗಳ ದಾರಿ ಹಿಡಿದು ಆಚೆ ಬದಿಗೆ ಬಂತು. 2021ರ ಏಪ್ರಿಲ್ 20ರಂದು ಮೊದಲ ಸಲ ಸುಮಾರು 5 ಗ್ರಾಂ ಸಿಕ್ಕಿತು. 2023ರ ಆಗಸ್ಟ್‌ವರೆಗೆ 16 ಬಾರಿ ನಡೆಸಿ ಒಟ್ಟು 122 ಗ್ರಾಂ ತಯಾರಿಸಲಾಯಿತು. ಅತಿ ಹೆಚ್ಚೆಂದರೆ ಗಂಟೆಗೆ 12 ಗ್ರಾಂ, ಶುದ್ಧತೆ ನೂರಕ್ಕೆ 98 ಅಥವಾ ಅದಕ್ಕೂ ಹೆಚ್ಚು. ಬೇರೊಂದು ಗ್ರಹದಲ್ಲಿ ಮನುಷ್ಯರು ಆಮ್ಲಜನಕ ತಯಾರಿಸಿದ್ದು ಅದೇ ಮೊದಲು.

ಪ್ರತಿ ಸಲವೂ ಕೋಶಗಳು ಮಂಗಳದ ಚಳಿಯಿಂದ 800 ಡಿಗ್ರಿಗೆ ಏರಿ ಮತ್ತೆ ಇಳಿದವು. ವಾಹಕತೆಗಾಗಿ ಸ್ಕ್ಯಾಂಡಿಯಾವನ್ನು ಆರಿಸಿಕೊಂಡವರು ಅಷ್ಟೂ ಸಲ ಅದು ರೂಪ ಕೆಡಿಸಿಕೊಳ್ಳದಂತೆ ನೋಡಿಕೊಳ್ಳಬೇಕಿತ್ತು.

ಭೂಮಿಯ ಮೇಲೆ ಇದೇ ತತ್ತ್ವದ ಕೋಶಗಳು ಎರಡು ದಿಕ್ಕಿನಲ್ಲೂ ನಡೆಯುತ್ತವೆ. ಒಂದು ಬದಿಗೆ ಗಾಳಿ, ಇನ್ನೊಂದು ಬದಿಗೆ ಹೈಡ್ರೋಜನ್ ಅಥವಾ ನೈಸರ್ಗಿಕ ಅನಿಲ ಕೊಟ್ಟರೆ ವಿದ್ಯುತ್ ಬರುತ್ತದೆ. ತಿರುಚ್ಚಿಯಲ್ಲಿ ಎಂಜಿನಿಯರಿಂಗ್ ಓದಿ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಮಂಗಳನಲ್ಲಿ ಆಮ್ಲಜನಕ ತಯಾರಿಸುವ ಸಂಶೋಧನೆಯಲ್ಲಿದ್ದ ಕೆ. ಆರ್. ಶ್ರೀಧರ್ ಅದನ್ನೇ ತಿರುವುಮುರುವು ಮಾಡಿ 2001ರಲ್ಲಿ ಬ್ಲೂಮ್ ಎನರ್ಜಿ ಕಂಪನಿ ಕಟ್ಟಿದರು. ಇಂಧನದ ಬದಲು ಉಗಿ ಕೊಟ್ಟು ವಿದ್ಯುತ್ ಹರಿಸಿದರೆ ಕೋಶ ಹೈಡ್ರೋಜನ್ ತಯಾರಿಸುತ್ತದೆ. ಕೋಣೆಯ ಉಷ್ಣಾಂಶದಲ್ಲಿ 18 ಗ್ರಾಂ ನೀರನ್ನು ಸೀಳಲು ಕನಿಷ್ಠ 237 ಕಿಲೋಜೌಲ್ ವಿದ್ಯುತ್ ಬೇಕು. 800 ಡಿಗ್ರಿಯಲ್ಲಿ ಸುಮಾರು 188 ಸಾಕು, ಉಳಿದದ್ದು ಶಾಖದಿಂದ ಸಿಗುತ್ತದೆ. ಉಕ್ಕು, ಗೊಬ್ಬರದ ಕಾರ್ಖಾನೆಗಳಲ್ಲಿ ವ್ಯರ್ಥವಾಗುವ ಶಾಖವನ್ನು ಉಗಿ ಮಾಡಲು ಬಳಸಬಹುದು. ಹಾಗಾಗಿ 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಹಸಿರು ಹೈಡ್ರೋಜನ್ ತಯಾರಿಸುವ ಗುರಿಯಿಟ್ಟುಕೊಂಡ ಭಾರತಕ್ಕೆ ಈ ಕೋಶಗಳು ಲಕ್ಷ್ಯ ಕೊಡಲೇಬೇಕಾದ ದಾರಿ.

ಅವು ಬೀದಿಗಿಳಿಯಲು ಎರಡು ಕೆಲಸ ಬಾಕಿಯಿದೆ. ಸಾವಿರ ಡಿಗ್ರಿಯಿಂದ 600ಕ್ಕೆ ಇಳಿದರೆ ಇಟ್ರಿಯಾ ಜಿರ್ಕೋನಿಯಾದ ವಾಹಕತೆ ಹತ್ತಾರು ಪಟ್ಟು ಕುಗ್ಗುತ್ತದೆ. ಉಷ್ಣಾಂಶ ಇಳಿಸಿದರೆ ಮಾತ್ರ ದುಬಾರಿ ಭಾಗಗಳ ಬದಲು ಸಾಧಾರಣ ಸ್ಟೇನ್‌ಲೆಸ್ ಸ್ಟೀಲ್ ಬಳಸಲು ಸಾಧ್ಯ. ಆದ್ದರಿಂದ ಜಿರ್ಕೋನಿಯಾ ಪದರವನ್ನು ಸುಮಾರು ಹತ್ತು ಮೈಕ್ರಾನ್‌ನಷ್ಟು ತೆಳುವಾಗಿಸಿ ಆಮ್ಲಜನಕದ ದಾರಿಯನ್ನು ಮೊಟಕು ಮಾಡುತ್ತಿದ್ದಾರೆ. 700–750 ಡಿಗ್ರಿಯಲ್ಲಿ ನಡೆಯುವ ಕೋಶಗಳು ಈಗಾಗಲೇ ಇವೆ. ಎರಡನೆಯದು ಬಾಳಿಕೆ. ವಿದ್ಯುತ್ ಸ್ಥಾವರದಲ್ಲಿ ನಿಲ್ಲಬೇಕಾದ ಕೋಶ 40,000 ಗಂಟೆಗೂ ಮೀರಿ ನಡೆಯಬೇಕು, ಅಷ್ಟು ಕಾಲವೂ ತೆರಪುಗಳು ಗುಂಪಾಗದೆ, ಸಾಲುಗಟ್ಟದೆ, ಹರಳು ಬಿರುಕು ಬಿಡದೆ ಇರಬೇಕು. ಸ್ಕ್ಯಾಂಡಿಯಾ–ಸೀರಿಯಾ ಜೋಡಿಯಲ್ಲಿ ಸೀರಿಯಾವನ್ನು ಎಷ್ಟಕ್ಕೆ ನಿಲ್ಲಿಸಬೇಕು, ಅದರ ಜಾಗಕ್ಕೆ ಇಟರ್ಬಿಯಂನಂಥ ಬೇರೆ ಅಯಾನನ್ನು ತಂದರೆ ಮುಪ್ಪು ಎಷ್ಟು ನಿಧಾನವಾಗುತ್ತದೆ ಎಂಬ ಪರೀಕ್ಷೆಗಳು ನಡೆದಿವೆ. ಒಂದೊಂದು ಪರೀಕ್ಷೆಗೂ ಕುಲುಮೆ ತಿಂಗಳುಗಟ್ಟಲೆ ಆರದೆ ಉರಿಯಬೇಕು. ಹೊಸ ಪಾಕಗಳಲ್ಲಿ ಯಾವುದು ಕಾರ್ಖಾನೆ ಸೇರುತ್ತದೆ ಎಂಬುದು ತೀರ್ಮಾನವಾಗುವುದು ಆ ಕುಲುಮೆಗಳ ದಾಖಲೆಯಿಂದಲೇ.